ಗುನ್ನೆಲ್‌ಳ ಒಂಟಿ ಸವಾರಿ

ಐವತ್ತೇಳನೇ ವಯಸ್ಸಿನಲ್ಲಿ ಗುನ್ನೆಲ್ ಒಂದು ಮಹಾಸಂಕಲ್ಪ ಮಾಡಿದಳು. ಬೇಯಿಸಿದ ಆಲೂಗಡ್ಡೆಯನ್ನು ಫೋರ್ಕಿಗೆ ಚುಚ್ಚಿ, ರಾಜದಂಡದ ಹಾಗೆ ಎತ್ತಿ ಹಿಡಿದು, ಊಟದ ಮೇಜಿನಲ್ಲೇ ಘೋಷಣೆ ಹೊರಡಿಸಿದಳು.

"ಗುರುವಾರ ನಾನು ಸಮುದ್ರದಂಡೆ ಮೋಜಿನ ಪಾರ್ಕಿಗೆ ಹೋಗ್ತೀನಿ. ಒಬ್ಬಳೇ!"

ಗಂಡ ಸಿಕ್ಸ್ಟನ್ ಉಪ್ಪುಮೀನಿನ ತಟ್ಟೆಯಿಂದ ತಲೆ ಎತ್ತಿದ. "ಅಡುಗೆಮನೆ ಸ್ಟೂಲ್ ಹತ್ತಿದ್ರೆ ನಿಂಗೆ ತಲೆ ಸುತ್ತತ್ತಲ್ಲೇ?"

"ಅದು ಸ್ಟೂಲಿನ ದೋಷ!"

"ಒಂಟಿ ಸವಾರಿನೋ, ಒಂಟೆ ಸವಾರಿನೋ, ಒಟ್ನಲ್ಲಿ ಸೊಂಟ ಹುಷಾರು."

ಗುನ್ನೆಲ್ ಈ ಮಾತನ್ನು ಮೂಗಿನಿಂದಲೇ ತಳ್ಳಿಹಾಕಿದಳು. ಬೊರೋಸ್ ಪಟ್ಟಣದ ಔಷಧಿ ಅಂಗಡಿಯ ಮೇಲ್ವಿಚಾರಕಿ ಅವಳು. ಟೋಕನ್ ತಪ್ಪಿ ಮುಂದೆ ಬಂದವರನ್ನು ಒಂದೇ ನೋಟದಲ್ಲಿ ವಾಪಸು ಅಟ್ಟಿದ ಖ್ಯಾತಿಯವಳು. ಸಂಸಾರ ಕಟ್ಟಿಕೊಂಡು ಪಾರ್ಕಿಗೆ ಹೋಗುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ಇಪ್ಪತ್ತು ವರ್ಷ ತಾನೂ ಹಾಗೆಯೇ ಹೋಗಿದ್ದಳಲ್ಲ! ಒಬ್ಬ ಮಗಳಿಗೆ ಶೌಚಾಲಯ, ಇನ್ನೊಬ್ಬಳಿಗೆ ಐಸ್‌ಕ್ರೀಮು, ಸಿಕ್ಸ್ಟನ್‌ಗೆ ಕೂರಲು ಬೆಂಚು. ಇಡೀ ದಿನಕ್ಕೆ ಮೂರು ಆಟ ಮುಗಿದರೆ ಅದೇ ಪುಣ್ಯ.

ಒಬ್ಬಳೇ ಹೋದರೆ? ಹದಿನಾಲ್ಕು! ಚೌಕಳಿ ಹಾಳೆಯ ಮೇಲೆ ನಿಮಿಷ ನಿಮಿಷಕ್ಕೂ ಗೆರೆ ಎಳೆದಳು. ಹತ್ತೂ ಐದಕ್ಕೆ ಮರದ ರೋಲರ್ ಕೋಸ್ಟರ್, ಹತ್ತೂ ಮೂವತ್ತಕ್ಕೆ ಹಸಿರು ಡ್ರ್ಯಾಗನ್. ಶೌಚಾಲಯಕ್ಕೆ ಹನ್ನೆರಡೂ ನಲವತ್ತಕ್ಕೆ ನಾಲ್ಕು ನಿಮಿಷ. ಅದಕ್ಕಿಂತ ಮೊದಲು ದೇಹ ಕೇಳುವಂತಿಲ್ಲ.

ಗುರುವಾರ ಹೊರಡುವಾಗ ಸಿಕ್ಸ್ಟನ್ ಒಂದು ದಾರ ತಂದ. "ಕನ್ನಡಕಕ್ಕೆ ಕಟ್ಕೊಳೇ. ಅದಿಲ್ದಿದ್ರೆ ನಿಂಗೆ ನಾನು ಯಾರು, ಫ್ರಿಜ್ ಯಾರು ಅಂತಾನೂ ಗೊತ್ತಾಗಲ್ಲ."

"ದಾರ ಮುದುಕಿಯರಿಗೆ! ಮತ್ತೆ ಫ್ರಿಜ್ ನಿನ್ನ ಹಾಗೆ ಮಾತಾಡಲ್ಲ, ಗೊತ್ತಾಗತ್ತೆ."

ಪಾರ್ಕಿನಲ್ಲಿ ಅವಳದು ಗೆಲುವಿನ ನಡಿಗೆ. ಒಂಟಿ ಸವಾರರಿಗೆ ಬೇರೆಯೇ ಸಾಲು. ಅಲ್ಲಿ ನೊಣವೂ ಇರಲಿಲ್ಲ. ಪಕ್ಕದ ಸಾಲಿನಲ್ಲಿ ಬೆವರುತ್ತಿದ್ದ ಸಂಸಾರಗಳತ್ತ ತಿರಸ್ಕಾರದ ಒಂದು ನಗೆ ಎಸೆದು ಹೋಗಿ ರೋಲರ್ ಕೋಸ್ಟರಿನಲ್ಲಿ ಕೂತಳು. ಪಕ್ಕದಲ್ಲಿ ಒಂಬತ್ತು ವರ್ಷದ ಹುಡುಗಿ.

"ಆಂಟಿ, ಭಯನಾ?"

"ಭಯ? ನನಗಾ? ಹ್ಹ!"

ಗಾಡಿ ತುದಿ ತಲುಪಿ ಕೆಳಗೆ ಬಾಗಿದ್ದೇ ತಡ, ಗುನ್ನೆಲ್‌ಳ ಗಂಟಲಿನಿಂದ ಹೊರಟ ಕೂಗಿಗೆ ಸಮುದ್ರದ ಹಕ್ಕಿಗಳೆಲ್ಲ ಎದ್ದು ಹಾರಿದವು. ಜೊತೆಗೆ ಕನ್ನಡಕವೂ ಹಾರಿತು! ಹಕ್ಕಿಗಳೇನೋ ತಿರುಗಿ ಬಂದು ಕೂತವು.

ಇಳಿದಾಗ ಲೋಕವೆಲ್ಲ ಗಂಜಿ. ವೇಳಾಪಟ್ಟಿಯನ್ನು ಮೂಗಿಗೆ ಅಂಟಿಸಿ ಓದಿದಳು. ಮುಂದಿನದು ಹಸಿರು ಡ್ರ್ಯಾಗನ್. ದೂರದಲ್ಲಿ ಹಸಿರಾಗಿ, ಉದ್ದಕ್ಕೆ ಏನೋ ಸರಿದಾಡುತ್ತಿತ್ತು. ಕನ್ನಡಕ ಹೋದರೇನು, ಕಣ್ಣಿಲ್ಲವೇ! ಹೋಗಿ ಸಾಲಿನಲ್ಲಿ ನಿಂತಳು. ಸುತ್ತಮುತ್ತ ತಳ್ಳುಗಾಡಿಗಳು, ಬಾಟಲಿ ಚೀಪುವ ಸದ್ದು.

"ಡ್ರ್ಯಾಗನ್ ಮೇಲೆ ಹಸುಗೂಸುಗಳನ್ನ ಕೂರಿಸ್ತಾರಂತೆ! ಇವರೂ ತಂದೆತಾಯಿಯರಾ!" ಎಂದು ಎಲ್ಲರಿಗೂ ಕೇಳುವಂತೆ ಗೊಣಗಿದಳು. ಅಷ್ಟರಲ್ಲಿ ಯಾವುದೋ ಪುಟ್ಟ ಕೈ ಅವಳ ಕೋಟನ್ನು ಹಿಡಿದುಕೊಂಡಿತು. ಗೇಟಿನ ಹುಡುಗಿ ಇಬ್ಬರನ್ನೂ ನೋಡಿ ಒಳಗೆ ಬಿಟ್ಟಳು. ಹತ್ತುವ ಹೊತ್ತಿಗೆ ಹಿಂದಿನಿಂದ ಒಬ್ಬ ತಾಯಿ ಓಡಿ ಬಂದು, "ಅಯ್ಯೋ, ಅದು ನಿನ್ನಜ್ಜಿ ಅಲ್ಲ ಕಣೇ!" ಎಂದು ಮಗುವನ್ನು ಎಳೆದುಕೊಂಡು ಹೋದಳು.

ಡ್ರ್ಯಾಗನ್ನಿನ ಸೀಟು ಬಹಳ ಚಿಕ್ಕದಾಗಿತ್ತು. ಗುನ್ನೆಲ್ ಮಂಡಿಯನ್ನು ಗಲ್ಲಕ್ಕೆ ತಾಗಿಸಿ, ಉಸಿರು ಬಿಗಿಹಿಡಿದು, ಕಂಬಿಯನ್ನು ತಾನೇ ಎಳೆದು ಲಾಕ್ ಮಾಡಿದಳು. ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಗಂಟೆ ಹೊಡೆಯಿತು. ಡ್ರ್ಯಾಗನ್ ಹೊರಟಿತು, ಬಸುರಿ ಬಸವನಹುಳುವಿನ ವೇಗದಲ್ಲಿ! ಜೊತೆಗೆ ತುತ್ತೂರಿಯ ಲಾಲಿಹಾಡು ಬೇರೆ.

"ಇದೇನು ಡ್ರ್ಯಾಗನ್ನಾ?" ಎಂದು ಕೂಗಿದಳು.

ಮುಂದಿನ ಸೀಟಿನ ಮೂರು ವರ್ಷದ ಪೋರಿ ತಿರುಗಿ ಹೇಳಿದಳು, "ಕಂಬ್ಳಿಹುಳ."

ಸುತ್ತು ಮುಗಿಯಿತು, ಮಕ್ಕಳೆಲ್ಲ ಇಳಿದರು. ಗುನ್ನೆಲ್ ಇಳಿಯಲಿಲ್ಲ. ಇಳಿಯಲಾಗಲಿಲ್ಲ! ಮಂಡಿ ಕಂಬಿಗೆ ಸಿಕ್ಕಿ, ಕಂಬಿ ಸೊಂಟಕ್ಕೆ ಸಿಕ್ಕಿ, ಅವಳೂ ಹುಳುವೂ ಒಂದೇ ಜೀವವಾಗಿದ್ದರು. ಗೇಟಿನ ಹುಡುಗಿ ಎಳೆದಳು, ಒಬ್ಬ ತಂದೆ ತಳ್ಳಿದ. ಕೊನೆಗೆ ಹುಡುಗಿ ಕೈಚೆಲ್ಲಿದಳು.

"ಮೆಕ್ಯಾನಿಕ್ ಬರ್ಬೇಕು ಮೇಡಂ. ಅವರು ದೋಣಿ ರಿಪೇರಿಲಿದ್ದಾರೆ, ಅದಾದ್ಮೇಲೆ ಕಾಫಿ ಕುಡಿದು ಬರ್ತಾರೆ. ಅಲ್ಲೀತನಕ ನೀವು ಸುತ್ತುತ್ತಾ ಇರಿ."

"ನಾನಿಲ್ಲಿರುವಾಗ ಗಾಡಿ ಓಡಿಸ್ತೀಯಾ?"

"ಅರವತ್ತು ಮಕ್ಕಳು ಕಾಯ್ತಿದ್ದಾರೆ. ಮತ್ತೆ ನಿಮ್ಮಷ್ಟು ಭದ್ರವಾಗಿ ಇಲ್ಲಿ ಯಾರೂ ಕೂತಿಲ್ಲ ಮೇಡಂ."

ಎರಡನೇ ಸುತ್ತಿನಲ್ಲಿ ಗುನ್ನೆಲ್ ಫೋನನ್ನು ಕಣ್ಣಿಗೆ ಒತ್ತಿಕೊಂಡು ಗಂಡನಿಗೆ ಕರೆ ಮಾಡಿದಳು. "ಸಿಕ್ಸ್ಟನ್... ಬೇರೆ ಕನ್ನಡಕ ತಗೊಂಡು ಬಾ. ಏನೂ ಕೇಳ್ಬೇಡ."

ಹದಿಮೂರನೇ ಸುತ್ತಿಗೆ ಅವನು ಬಂದ. ಬೇಲಿಯ ಬಳಿ ಅಪ್ಪ ಅಮ್ಮಂದಿರ ನಡುವೆ ನಿಂತು, ಹುಳು ಹತ್ತಿರ ಬಂದಾಗಲೆಲ್ಲ ಎರಡೂ ಕೈ ಬೀಸಿದ.

"ನಗ್ಬೇಡ!" ಎಂದಳು ಹೋಗುತ್ತಾ.

"ನಗ್ತಿಲ್ಲ ಕಣೇ!" ಎಂದ. ಮುಂದಿನ ಸುತ್ತಿಗೆ ಅವಳು ಬಂದಾಗ ಬೇಲಿ ಹಿಡಿದು ಬಗ್ಗಿಹೋಗಿದ್ದ.

ಹುಳು ನಿಂತಾಗ ಸಿಕ್ಸ್ಟನ್ ಕಣ್ಣೊರೆಸಿಕೊಳ್ಳುತ್ತಾ ಕನ್ನಡಕ ಚಾಚಿದ. ಗುನ್ನೆಲ್ ಹಾಕಿಕೊಂಡಳು. ಲೋಕ ಸ್ಪಷ್ಟವಾಯಿತು. ಮೊದಲು ಕಂಡದ್ದೇ ಗೇಟಿನ ಮೇಲಿನ ದಪ್ಪ ಅಕ್ಷರದ ಬೋರ್ಡು: "ದೊಡ್ಡವರು ಒಬ್ಬರೇ ಹತ್ತುವಂತಿಲ್ಲ. ಜೊತೆಗೆ ಮಗು ಇರಲೇಬೇಕು."

ಗುನ್ನೆಲ್ ಅದನ್ನು ಎರಡು ಸಲ ಓದಿದಳು. ಔಷಧಿ ಅಂಗಡಿಯ ದರ್ಪವೆಲ್ಲ ಇಳಿದುಹೋಗಿ, ಹಸಿರು ಬೆನ್ನನ್ನು ಮೆಲ್ಲಗೆ ತಟ್ಟಿದಳು. "ಮೆಕ್ಯಾನಿಕ್ ಬರೋತನಕ... ನೀನೂ ಬಂದು ಕೂತ್ಕೋ, ಸಿಕ್ಸ್ಟನ್. ಒಬ್ಬಳಿಗೇ ಒಂಥರಾ ಆಗತ್ತೆ."

ಸಿಕ್ಸ್ಟನ್ ಗೇಟಿಗೆ ಬಂದ. ಹುಡುಗಿ ಕೈ ಅಡ್ಡ ಹಿಡಿದು ಬೋರ್ಡು ತೋರಿಸಿದಳು. "ನಿಮ್ಜೊತೆ ಮಗು ಎಲ್ಲಿ ಸಾರ್?"

ಸಿಕ್ಸ್ಟನ್ ಹೆಂಡತಿಯ ಕಡೆ ಬೆರಳು ಮಾಡಿದ.

"ಅಗೋ, ಬೆಳಗ್ಗೆಯಿಂದ ಇಳಿಯಲ್ಲ ಅಂತ ಹಟ ಮಾಡ್ಕೊಂಡು ಕೂತಿದೆಯಲ್ಲ!"