ನೆಲವನ್ನು ನಂಬದ ಮಾವ

ನಮ್ಮ ಮಾವ ಲೋಕದಲ್ಲಿ ಎಲ್ಲರನ್ನೂ ನಂಬುತ್ತಿದ್ದರು. ಈಗಷ್ಟೇ ಹಿಡಿದ ಬಂಗುಡೆ ಎಂದು ಆಣೆ ಹಾಕುವ ಮೀನಿನವಳನ್ನು ನಂಬುತ್ತಿದ್ದರು. ನಾಳೆ ಖಂಡಿತ ಹೊಲಿದು ಕೊಡುತ್ತೇನೆ ಎನ್ನುವ ದರ್ಜಿಯನ್ನು ನಂಬುತ್ತಿದ್ದರು. ಹೊಟ್ಟೆನೋವು ಎಂದು ಶಾಲೆ ತಪ್ಪಿಸಿದ ಮಕ್ಕಳನ್ನು ಕೂಡ ನಂಬುತ್ತಿದ್ದರು. ಅವರೇ ಶಾಲೆಯ ಮಾಸ್ತರರಾಗಿದ್ದರು ಎಂದರೆ ಇದು ಸಣ್ಣ ಸಂಗತಿಯೇ? ಅವರು ನಂಬದೆ ಇದ್ದದ್ದು ಒಂದನ್ನೇ, ಕಾಲಡಿಯ ನೆಲವನ್ನು!

ನೆಲವನ್ನೇ ನಂಬದವನು ನಡೆಯುವುದಾದರೂ ಹೇಗೆ? ಮಾವ ನಡೆಯುವುದನ್ನು ನೀವು ನೋಡಬೇಕಿತ್ತು. ಮೊದಲು ಕೊಡೆಯ ಮೊನೆಯಿಂದ ನೆಲವನ್ನು ಕುಟ್ಟುವುದು, ತಲೆ ವಾರೆ ಮಾಡಿ ಸದ್ದು ಕೇಳುವುದು, ಆಮೇಲೆ ಹೆಜ್ಜೆ. ಉರ್ವದ ಮಾರುಕಟ್ಟೆಯ ದಾರಿಯಲ್ಲಿ ಅವರು ಹೀಗೆ ತಲೆ ತಗ್ಗಿಸಿ ಕುಟ್ಟುತ್ತಾ ಹೋಗುವಾಗ ಯಾರಾದರೂ ಕನಿಕರದಿಂದ, "ಮಾಸ್ಟ್ರೇ, ಎಂತ ಬಿದ್ದದ್ದು? ನಾನೂ ಹುಡುಕ್ಬೇಕಾ?" ಎಂದು ಕೇಳುವುದಿತ್ತು. ಮಾವ ತಲೆ ಎತ್ತದೆ, "ಇನ್ನೂ ಬೀಳಲಿಲ್ಲ ಮಾರಾಯ. ಬೀಳುವ ಮೊದಲು ನೋಡ್ತಾ ಇದ್ದೇನೆ" ಎನ್ನುತ್ತಿದ್ದರು.

ಈ ಕಾಯಿಲೆ ಅವರಿಗೆ ಅಂಟಿದ್ದು ಮದರಾಸಿನಲ್ಲಿ. ಅಜ್ಜಿ ಅವರನ್ನು ವಕೀಲನಾಗಿ ಬಾ ಎಂದು ರೈಲು ಹತ್ತಿಸಿ, ಕಣ್ಣೊರೆಸಿಕೊಂಡು ಕಳಿಸಿದ್ದರು. ಮಾವ ಅಲ್ಲಿ ಹೋಗಿ ಭೂಗರ್ಭಶಾಸ್ತ್ರದ ಪಾಠಕ್ಕೆ ಕುಳಿತರು! ಮದರಾಸಿಗೆ ಹೋದ ಬೇರೆಯವರೆಲ್ಲ ಕೋಟು ತಂದರು, ಸಿಗರೇಟು ತಂದರು. ನಮ್ಮವರು ತಂದದ್ದು ಒಂದು ಸಣ್ಣ ಸುತ್ತಿಗೆ ಮತ್ತು ಹೇಳತೀರದ ಹೆದರಿಕೆ.

"ನಾವು ನಿಂತದ್ದು ಯಾವುದರ ಮೇಲೆ ಅಂತ ಗೊತ್ತುಂಟಾ ನಿಮಗೆ?" ಎಂದು ಊಟಕ್ಕೆ ಕುಳಿತಾಗಲೇ ಅವರಿಗೆ ಪಾಠ ಶುರುವಾಗುತ್ತಿತ್ತು. ನಮಗೆ ಗೊತ್ತಿರಲಿಲ್ಲ. ಮಾವ ಗಂಜಿಯ ಬಟ್ಟಲಿನ ಮೇಲೆ ಒಂದು ಒಣ ರೊಟ್ಟಿ ಮುಚ್ಚುತ್ತಿದ್ದರು. ರೊಟ್ಟಿಯ ನಡುವೆ ಒಂದು ಉಪ್ಪಿನಕಾಯಿ ಮಿಡಿ ಇಡುತ್ತಿದ್ದರು. "ಈ ರೊಟ್ಟಿ ನಮ್ಮ ಕೆಂಪು ಮುರಕಲ್ಲು. ಮೈ ತುಂಬಾ ತೂತು, ನೀರು ಹೊಯ್ದಷ್ಟೂ ಕುಡೀತದೆ. ಅಡಿಯ ಗಂಜಿ ಬಿಳಿ ಶೇಡಿಮಣ್ಣು. ಒಣಗಿದಾಗ ಗಟ್ಟಿ, ನೆನೆದರೆ ಸಾಬೂನು. ಮಿಡಿ ನಮ್ಮ ಮನೆ. ಈಗ ಮಳೆ ಬರ್ತದೆ, ನೋಡಿ" ಎಂದು ಚೊಂಬಿನಿಂದ ನೀರು ತೊಟ್ಟಿಕ್ಕಿಸುತ್ತಿದ್ದರು. ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ರೊಟ್ಟಿ ಮೆತ್ತಗಾಗಿ, ಬಾಗಿ, ಮಿಡಿ ಗುಳುಂ ಎಂದು ಮುಳುಗುತ್ತಿತ್ತು.

"ಆಯ್ತು! ಮನೆ ಹೋಯ್ತು!" ಎಂದು ಮಾವ ಎರಡೂ ಕೈ ತಲೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

"ಮನೆ ಹೋಗ್ಲಿ ಅಣ್ಣಾ, ಗಂಜಿ ತಣೀತು. ಉಣ್ಣು" ಎನ್ನುತ್ತಿದ್ದಳು ಅಮ್ಮ.

ನಗಬೇಡಿ. ಮಾವ ಹೇಳಿದ್ದರಲ್ಲಿ ಸುಳ್ಳು ಇರಲಿಲ್ಲ. ಮನೆಯ ಗೋಡೆ ಮುರಕಲ್ಲು, ಮಾಡಿನ ಹಂಚು ಹೊಳೆಬದಿಯ ಆವೆಮಣ್ಣು, ಮಸಾಲೆ ಕಡೆಯುವ ಕಲ್ಲು ಅಡಿಯ ಕರಿಬಂಡೆಯದು. ಮುರಕಲ್ಲಿನ ತೂತುಗಳಲ್ಲಿ ಇಳಿದ ಮಳೆನೀರು ಶೇಡಿಯ ಮೇಲೆ ನಿಲ್ಲುವುದರಿಂದಲೇ ನಮ್ಮ ಬಾವಿಗಳಲ್ಲಿ ನೀರು. ನಾವು ತಿನ್ನುವುದು, ಕುಡಿಯುವುದು, ಮಲಗುವುದು ಎಲ್ಲ ಕಲ್ಲುಮಣ್ಣಿನ ದಯೆ ಎಂದು ಬೇರೆಯವರು ತಿಳಿದಿದ್ದರೆ ಕೈ ಮುಗಿದು ಸುಮ್ಮನಾಗುತ್ತಿದ್ದರು. ಮಾವ ಅದನ್ನು ತಿಳಿದು ನಿದ್ದೆ ಬಿಟ್ಟರು.

ಇದೆಲ್ಲ ನಮಗೆ ತಮಾಷೆಯಾಗಿದ್ದದ್ದು ನನಗೆ ಮದುವೆಯ ವಯಸ್ಸು ಬರುವವರೆಗೆ ಮಾತ್ರ. ನಮ್ಮದು ಅಳಿಯಕಟ್ಟಿನ ಮನೆ. ಅಪ್ಪ ಅಲ್ಲಿ ಗೌರವದ ನೆಂಟ, ಯಜಮಾನ ಸೋದರಮಾವನೇ. ಅವರು ಹೂಂ ಅನ್ನದೆ ನನ್ನ ಕುತ್ತಿಗೆಗೆ ಕರಿಮಣಿ ಬೀಳುವಂತಿರಲಿಲ್ಲ. ಬೇರೆ ಮನೆಗಳಲ್ಲಿ ಜಾತಕ ನೋಡುತ್ತಾರೆ, ಕುಲದ ಬಳಿ ನೋಡುತ್ತಾರೆ, ಗದ್ದೆ ನೋಡುತ್ತಾರೆ. ನಮ್ಮ ಮಾವ ಬೀಗರ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕುಳಿತು ಸುತ್ತಿಗೆ ಹೊರತೆಗೆಯುತ್ತಿದ್ದರು!

ಸುರತ್ಕಲ್ಲಿನ ಸಂಬಂಧ ಮರಳಿನಲ್ಲಿ ಹೋಯಿತು. "ಕಡಲು ಕೊಟ್ಟದ್ದನ್ನು ಕಡಲು ಕೇಳದೆ ಬಿಡ್ತದಾ?" ಎಂದರು. ಹೊಳೆಬದಿಯ ಇನ್ನೊಂದು ಸಂಬಂಧ ಬೆಲ್ಲ ನೀರಿನಲ್ಲಿ ಹೋಯಿತು. ಬಂದವರಿಗೆ ಮರ್ಯಾದೆಗೆ ಬೆಲ್ಲ ನೀರು ತಂದಿಟ್ಟರೆ ಮಾವ, "ಯಾವ ಬಾವಿಯದ್ದು?" ಎಂದು ಎದ್ದು ಹೋಗಿ ಬಾವಿಗೆ ಇಣುಕಿ, ಒಳಗಿನ ಗೋಡೆ ಜರಿಯುತ್ತಿದೆ ಎಂದು ಅಲ್ಲಿಂದಲೇ ಮನೆಗೆ ನಡೆದುಬಿಟ್ಟರು. ಬೆಲ್ಲ ಹಾಗೆಯೇ ಉಳಿಯಿತು. ಹುಡುಗನೂ ಉಳಿದ. ನಾನೂ ಉಳಿದೆ.

ಅಮ್ಮ ದೈವಕ್ಕೆ ಹರಕೆ ಹೇಳಿಕೊಂಡಳು. ನನ್ನ ಜೊತೆಯವರಿಗೆ ತೊಟ್ಟಿಲು ಕಟ್ಟಿಯಾಗಿತ್ತು. ನೀರು ಸೇದಲು ಹೋದರೆ ನೆರೆಯವರು, "ಎಂತ, ಇನ್ನೂ ಆಗ್ಲಿಲ್ವಾ?" ಎಂದು ಕೇಳುವರು. ಭೂಮಿ ಸರಿಯಿಲ್ಲ ಎಂದು ನಾನು ಅವರಿಗೆ ಹೇಳುವುದು ಹೇಗೆ?

ಆಗ ಕುಲಶೇಖರದಿಂದ ಒಂದು ಸಂಬಂಧ ಬಂತು. ಹುಡುಗ ಹಂಚಿನ ಕಾರ್ಖಾನೆಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ತಾಯಿ ಮಗ ಇಬ್ಬರೇ. ಹುಡುಗ ನಮ್ಮ ಮನೆಗೆ ಬಂದಾಗ ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಮಾವ ಅವನೆದುರು ರೊಟ್ಟಿ ಗಂಜಿಯ ಪಾಠ ಮಾಡಿದಾಗ ಅವನು ನಗದೆ, "ಹಾಗಾದ್ರೆ ನೀರು ರೊಟ್ಟಿಗೆ ಬೀಳದ ಹಾಗೆ ನೋಡ್ಬೇಕಲ್ವಾ?" ಎಂದು ಕೇಳಿದ. ಅಷ್ಟೇ ಸಾಕಾಯಿತು. ನನ್ನ ಮನಸ್ಸು ಹೋಯಿತು!

ಮಾವ ಕುಲಶೇಖರಕ್ಕೆ ಹೋಗಿ ಬಂದವರು ಜಗಲಿಯಲ್ಲಿ ಕುಸಿದು ಕುಳಿತರು. ಆ ಮನೆಯ ಹಿಂದೆ ಗುಡ್ಡ. ನಮ್ಮ ಊರಿನಲ್ಲಿ ಮನೆ ಕಟ್ಟುವವರು ಕಲ್ಲನ್ನು ಹೊರಗಿನಿಂದ ತರುವುದು ಕಡಿಮೆ. ಹಿತ್ತಿಲ ಗುಡ್ಡವನ್ನೇ ಕಡಿದು, ಕಲ್ಲನ್ನು ಗಾಳಿಗೆ ಗಟ್ಟಿಯಾಗಲು ಬಿಟ್ಟು, ಅದರಿಂದಲೇ ಗೋಡೆ ಎಬ್ಬಿಸುತ್ತಾರೆ. ಕಲ್ಲು ಮನೆಯಾಗುತ್ತದೆ, ಕಡಿದ ಗುಡ್ಡ ಮನೆಯ ಬೆನ್ನಿಗೇ ನೆಟ್ಟಗೆ, ಗೋಡೆಯಂಥ ಬರೆಯಾಗಿ ನಿಲ್ಲುತ್ತದೆ. ಕುಲಶೇಖರದವರು ಆಸೆಯಿಂದ ಇನ್ನೊಂದು ಕೋಣೆಗಾಗಿ ಇನ್ನಷ್ಟು ಕಡಿದಿದ್ದರು. ಬರೆಯ ಬುಡದಲ್ಲಿ ಬಿಳಿ ಶೇಡಿ ಕಾಣಿಸುತ್ತಿತ್ತಂತೆ. ಅದಕ್ಕೆ ಅಂಟಿಕೊಂಡ ಹಾಗೆ ಅಡುಗೆಮನೆ.

"ಆಗ್ಲಿಕ್ಕಿಲ್ಲ" ಎಂದರು ಮಾವ.

ನಾನು ಬಾಗಿಲ ಮರೆಯಿಂದ ಈಚೆ ಬಂದೆ. ಆ ಕಾಲದಲ್ಲಿ ಹೆಣ್ಣುಮಕ್ಕಳು ಹಾಗೆ ಬರುತ್ತಿರಲಿಲ್ಲ. "ಮಾವ, ನನಗೆ ಆ ಮನೆಗೇ ಹೋಗಬೇಕು" ಎಂದೆ. ನನ್ನ ಸ್ವರ ನನಗೇ ಹೊಸದಾಗಿ ಕೇಳಿಸಿತು.

ಮಾವ ಸುತ್ತಿಗೆಯನ್ನು ಜಗಲಿಯ ಮೇಲೆ ಇಟ್ಟರು. ಆಮೇಲೆ ಸಣ್ಣ ಸ್ವರದಲ್ಲಿ, "ಹುಡುಗ ನೋಡ್ಲಿಕ್ಕೆ ಹೇಗಿದ್ದಾನೆ ಮಗಾ? ನಾನು ಅವತ್ತು ಗಂಜಿಯನ್ನೇ ನೋಡ್ತಾ ಇದ್ದೆ" ಎಂದರು.

ಬರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಬೇಕು, ಗುಡ್ಡದ ಮೇಲೆ ನೀರು ಹೋಗಲು ಕಣಿ ತೋಡಿಸಬೇಕು ಎಂಬ ಕರಾರಿನ ಮೇಲೆ ಮದುವೆಯಾಯಿತು. ವರದಕ್ಷಿಣೆಗೆ ಕರಾರು ಮಾಡುವುದನ್ನು ಕೇಳಿದ್ದೇವೆ, ಗುಡ್ಡಕ್ಕೆ ಕರಾರು ಎಲ್ಲಿಯಾದರೂ ಉಂಟೇ? ಅತ್ತೆ ನಕ್ಕು ಒಪ್ಪಿದರು. ಆದರೆ ಮದುವೆ ಬೇಸಗೆಯ ಕೊನೆಯಲ್ಲಿ ಆದದ್ದು. ಕಲ್ಲು ಕಡಿಯುವವರು ಸಿಗುವ ಮೊದಲೇ ಮಳೆ ಹಿಡಿಯಿತು.

ಮಳೆಗಾಲ ಹಿಡಿಯುವ ಕಾರ್ತೆಲ್ ತಿಂಗಳ ಮಳೆ ನಿಮಗೆ ಗೊತ್ತಲ್ಲ? ಸುರಿಯಲು ಶುರುವಾದರೆ ಎದುರಿನ ಮನೆ ಕಾಣದು. ನಾನು ಒಲೆಯ ಮುಂದೆ ಕುಳಿತಾಗ ಹಿಂದಿನ ಗೋಡೆಯ ಆಚೆ ಸಣ್ಣಗೆ ನೀರು ಹರಿಯುವ ಸದ್ದು ಕೇಳುತ್ತಿತ್ತು. ಮೊದಲು ಆ ನೀರು ಕೆಂಪಗಿತ್ತು. ಒಂದು ದಿನ ಕಿಟಕಿಯಿಂದ ನೋಡಿದರೆ ಅಕ್ಕಿ ತೊಳೆದ ನೀರಿನ ಹಾಗೆ ಬಿಳಿ! ಅಡಿಯ ಶೇಡಿ ಕರಗಿ ಬರುತ್ತಿದೆ ಎಂದು ಬೇರೆ ಯಾವ ಸೊಸೆಗೂ ತಿಳಿಯುತ್ತಿರಲಿಲ್ಲ. ನಾನು ಮಾವನ ಗಂಜಿ ಉಂಡು ಬೆಳೆದವಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆಯುತ್ತಿತ್ತು. "ಈ ಮನೆಯ ಕಲ್ಲು ಆ ಬರೆಯದ್ದೇ. ಅದು ನಮ್ಮ ಮೇಲೆ ಬೀಳ್ತದಾ?" ಎಂದು ಅತ್ತೆ ಹೆಮ್ಮೆಯಿಂದ ಹೇಳುವಾಗ ಹೊಸ ಸೊಸೆ ಏನು ಹೇಳಬೇಕು?

ಮರುದಿನ ಬೆಳಿಗ್ಗೆ, ಗಂಡ ಕಾರ್ಖಾನೆಗೆ ಹೋದ ಮೇಲೆ, ಅಂಗಳದಲ್ಲಿ ಮಾವ ಪ್ರತ್ಯಕ್ಷರಾದರು. ಗಾಳಿಗೆ ಕೊಡೆ ಮಗುಚಿಹೋಗಿತ್ತು. ಮೈಯಿಂದ ನೀರು ಇಳಿಯುತ್ತಿತ್ತು.

"ಆಟಿಗೆ ಕರ್ಕೊಂಡು ಹೋಗ್ಲಿಕ್ಕೆ ಬಂದೆ" ಎಂದರು.

ಹೊಸ ಮದುಮಗಳು ಕಾರ್ತೆಲ್ ಕಳೆದ ಮೇಲಿನ ಆಟಿ ತಿಂಗಳು ತವರಿನಲ್ಲಿ ಕುಳಿತುಕೊಳ್ಳುವುದು ನಮ್ಮ ಕಡೆಯ ಪದ್ಧತಿಯೇ. ಆದರೆ ಅತ್ತೆ ಕಣ್ಣರಳಿಸಿದರು. "ಮಾಸ್ಟ್ರೇ, ಇದು ಕಾರ್ತೆಲ್! ಆಟಿಗೆ ಇನ್ನೂ ಎಷ್ಟು ದಿನ ಉಂಟು!"

"ಆಟಿ ಬರುವವರೆಗೆ ಬರೆ ಕಾಯ್ತದಾ?"

"ಅದಕ್ಕೆ? ಮಳೆ ಹಿಡಿದದ್ದೇ ಸೊಸೆಯನ್ನು ತವರಿಗೆ ಅಟ್ಟಿದ್ರು ಅಂತ ಊರು ಹೇಳ್ಬೇಕಾ? ನನಗೂ ಮರ್ಯಾದೆ ಉಂಟು ಮಾರಾಯ್ರೆ. ಕಳಿಸ್ಲಿಕ್ಕಿಲ್ಲ."

ಮಾವ ವಾದ ಮಾಡಲಿಲ್ಲ. "ಹಾಗಾದ್ರೆ ನಾನು ಇಲ್ಲೇ ಇರ್ತೇನೆ" ಎಂದು ಒಳಗೆ ಬಂದರು. ಅತ್ತೆ ಸಿಟ್ಟಿನಲ್ಲಿಯೂ ಚಾವಡಿಯಲ್ಲಿ ಚಾಪೆ ಹಾಸಿದರು. ಮಾವ ಆ ಚಾಪೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ನೇರ ಅಡುಗೆಮನೆಗೆ ನಡೆದರು. ಒಲೆಗೂ ಹಿಂದಿನ ಗೋಡೆಗೂ ನಡುವೆ ಇದ್ದ ಇಷ್ಟೇ ಜಾಗದಲ್ಲಿ ಅದನ್ನು ಹಾಸಿ, ಗೋಡೆಗೆ ಬೆನ್ನು ಒತ್ತಿ ಕುಳಿತರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಣ ದಿನವೂ ಬರೆಯ ಹತ್ತಿರ ನಿಲ್ಲದ ಮನುಷ್ಯ!

"ಇದೆಂತ ಮಾವ, ಇಲ್ಲಿ?"

"ಗೋಡೆ ಅಲುಗಿದ್ರೆ ಮೊದಲು ಬೆನ್ನಿಗೆ ಗೊತ್ತಾಗ್ತದೆ ಮಗಾ. ನೀನು ಅಡುಗೆ ಮಾಡು. ನಾನು ಕೂಗಿದ ಕೂಡ್ಲೇ ಒಲೆ, ಪಾತ್ರೆ ಎಂತದೂ ನೋಡ್ಬೇಡ. ಅಂಗಳಕ್ಕೆ ಓಡು."

"ಮತ್ತೆ ನೀವು?"

ಮಾವ ನನ್ನ ಮುಖ ನೋಡಿದರು. ಬೀಳುವ ಮನೆ, ಜರಿಯುವ ಬಾವಿ, ಕಡಲು ತಿನ್ನುವ ದಡ ಎಲ್ಲದರ ಲೆಕ್ಕ ಇಟ್ಟಿದ್ದವರಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. "ನಾನಾ?" ಎಂದರು. ಬೆನ್ನನ್ನು ಗೋಡೆಗೆ ಇನ್ನಷ್ಟು ಒತ್ತಿದರು. "ನೀನು ಹೊರಗೆ ಹೋದ ಮೇಲೆ ನೋಡುವ" ಎಂದರು.

ತಿರುಗಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರು ಒಳಗೆ ಬಂದು ಒಲೆಯ ಕೊಳ್ಳಿಗಳನ್ನು ಎಳೆದು ನೀರು ಹೊಯ್ದರು. ಹೊಗೆಯ ನಡುವೆ ಮಾವನ ಕಡೆಗೆ ಕೈ ಚಾಚಿದರು.

"ಏಳಿ ಮಾಸ್ಟ್ರೇ, ಇವಳ ಬಟ್ಟೆ ನಾನು ಕಟ್ತೇನೆ. ಮಗ ಬರ್ಲಿ, ಪಿಕ್ಕಾಸು ಕೊಟ್ಟು ಕಣಿ ತೋಡ್ಲಿಕ್ಕೆ ಗುಡ್ಡಕ್ಕೆ ಹತ್ತಿಸ್ತೇನೆ, ನಮ್ಮ ಗಂಜಿ ಚಾವಡಿಯಲ್ಲಿ ಬೇಯ್ತದೆ. ಊರಿನವರು ಕೇಳಿದ್ರೆ ನಮ್ಮ ಮನೆಗೆ ಈ ವರ್ಷ ಆಟಿ ಬೇಗ ಬಂತು ಅಂತ ಹೇಳ್ತೇನೆ."