ಹುಳಿ ಎಣ್ಣೆಯ ಬಾಟಲಿ

ನಾನು ಹಟ ಹಿಡಿದಾಗಲೆಲ್ಲ ನಮ್ಮ ಮನೆಯಲ್ಲಿ ಏನಾದರೊಂದು ಅವಾಂತರ ಆಗಿಯೇ ತೀರುತ್ತದೆ. ಇದು ನನ್ನ ಮಾತಲ್ಲ, ನನ್ನ ಹೆಂಡತಿಯದು. ಈ ಸಲದ ಹಟಕ್ಕೆ ಮಾತ್ರ ಕಾರಣ ಡಾಕ್ಟರು. ಕಾರವಾರದ ಕಚೇರಿಯೊಂದರಲ್ಲಿ ಇಪ್ಪತ್ತಾರು ವರ್ಷ ಕುರ್ಚಿ ಬಿಸಿ ಮಾಡಿದ ನನ್ನ ರಕ್ತದ ರಿಪೋರ್ಟ್ ನೋಡಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಊಟಕ್ಕೆ ಮುಂಚೆ ಒಂದು ಬಟ್ಟಲು ಹಸಿ ತರಕಾರಿ, ದಿನಾ ಒಂದು ತಾಸು ನಡಿಗೆ. ಮೂರು ತಿಂಗಳಲ್ಲಿ ಸಕ್ಕರೆ ಇಳಿಯದಿದ್ದರೆ ಇನ್ಸುಲಿನ್ ಸೂಜಿ ಎಂದರು.

ಸೂಜಿ ಅಂದರೆ ನನಗೆ ಈ ವಯಸ್ಸಿನಲ್ಲೂ ಕೈಕಾಲು ತಣ್ಣಗಾಗುತ್ತದೆ. ನಡಿಗೆಯಂತೂ ನನ್ನಿಂದ ಆಗದ ಕೆಲಸ. ನಡೀರಿ, ನಡೀರಿ ಎಂದು ಹೆಂಡತಿ ಎರಡು ವರ್ಷ ಹೇಳಿ ಸೋತಿದ್ದಳು. ಆದ್ದರಿಂದ ನನ್ನ ಪೂರ್ತಿ ಹಟವನ್ನೆಲ್ಲ ಹಸಿ ತರಕಾರಿಯ ಮೇಲೆ ಹಾಕಿದೆ. ಎರಡು ದಿನ ಸೌತೆಕಾಯಿ, ಕೋಸು ಅಗಿದು ದವಡೆ ನೋವು ಬಂತೇ ಹೊರತು ಗಂಟಲಲ್ಲಿ ಏನೂ ಇಳಿಯಲಿಲ್ಲ. ಮೂರನೇ ದಿನ ಅರ್ಗಾದಲ್ಲಿರುವ ಗೆಳೆಯನಿಗೆ ಫೋನ್ ಮಾಡಿದೆ. ಅವನು ಹಡಗಿನ ಸಾಹೇಬರಿಗೆಲ್ಲ ಅಡುಗೆ ಮಾಡಿ ನಿವೃತ್ತನಾದವನು.

"ಅದಕ್ಕೆ ವಿನೆಗ್ರೆಟ್ ಹಾಕ್ಬೇಕು ಮಾರಾಯಾ," ಎಂದ. "ಮೂರು ಚಮಚ ಎಣ್ಣೆ, ಒಂದು ಚಮಚ ವಿನೆಗರ್, ಉಪ್ಪು, ಕಾಳುಮೆಣಸಿನ ಪುಡಿ, ಚೂರು ಸಾಸಿವೆ. ಬಾಟಲಿಗೆ ಹಾಕಿ ಅಲ್ಲಾಡಿಸೋದು. ಎಣ್ಣೆ, ವಿನೆಗರ್ ಬೇರೆ ಬೇರೆ ನಿಂತ್ರೆ ರುಚಿ ಇಲ್ಲ ನೋಡು."

ಈ ಕೊನೆಯ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ.

ಒಗ್ಗರಣೆ

ಗೆಳೆಯ ಹೇಳಿದ್ದನ್ನು ಬರೆದುಕೊಂಡ ಚೀಟಿ ನೋಡಿಕೊಂಡು ನಾನು ಓದುತ್ತಿದ್ದೆ, ಹೆಂಡತಿ ಕೇಳುತ್ತಿದ್ದಳು. ಎಣ್ಣೆ ಎಂದೆ, ಸಾಸಿವೆ ಎಂದೆ. ಅಷ್ಟರಲ್ಲಿ ಅವಳು ಒಗ್ಗರಣೆ ಸೌಟನ್ನು ಒಲೆಯ ಮೇಲೆ ಇಟ್ಟಾಗಿತ್ತು. ನಮ್ಮ ಕಡೆ ಎಣ್ಣೆಯೂ ಸಾಸಿವೆಯೂ ಒಟ್ಟಿಗೆ ಬಂದರೆ ಸಿಡಿಸುವುದೇ, ಬೇರೆ ಉದ್ದೇಶ ಯಾರಿಗೂ ಹೊಳೆಯುವುದಿಲ್ಲ. ನನಗೂ ಹೊಳೆಯಲಿಲ್ಲ.

ಸಾಸಿವೆ ಚಟಪಟ ಎಂದಿತು. ಅವಳು ಆ ಕಾದ ಎಣ್ಣೆಯನ್ನು ಒಯ್ದು ವಿನೆಗರಿನ ಬಟ್ಟಲಿಗೆ ಸುರಿದಳು. ಚುರ್ರ್ ಎಂದು ಎದ್ದ ಘಾಟಿಗೆ ಇಬ್ಬರೂ ಹಿತ್ತಲ ಬಾಗಿಲು ಹುಡುಕಿಕೊಂಡು ಓಡಿದೆವು. ಟೀವಿ ಮುಂದೆ ಕೂತಿದ್ದ ಆಯಿ, ಅಂದರೆ ನನ್ನ ತಾಯಿ, ಸೆರಗು ಮೂಗಿಗೆ ಒತ್ತಿಕೊಂಡು ನಮ್ಮ ಹಿಂದೆಯೇ ಹಿತ್ತಲಿಗೆ ಬಂದಳು. ಮೂವರೂ ಕೆಮ್ಮುತ್ತ ನಿಂತಿದ್ದಾಗ ಬೇಲಿಯಾಚೆಯಿಂದ ಪಕ್ಕದ ಮನೆಯವಳು, ಮೆಣಸು ಸುಟ್ಟು ಯಾರಿಗೆ ದೃಷ್ಟಿ ತೆಗೀತಾ ಇದ್ದೀರಿ ಎಂದು ಕೇಳಿದಳು.

ಆಯಿಗೆ ವಿವರಿಸುವ ತ್ರಾಣ ಇರಲಿಲ್ಲ. ಮಗನಿಗೇ, ಶುಗರ್ ಬಂದದೆ ಎಂದಳು.

ದೃಷ್ಟಿ ತಾಗಿದ್ದರೆ ಮೆಣಸು ಸುಟ್ಟರೂ ಘಾಟು ಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿದೆ. ಪಕ್ಕದ ಮನೆಯವಳು ಗಾಳಿಯನ್ನೊಮ್ಮೆ ಮೂಸಿ ತೀರ್ಪು ಕೊಟ್ಟಳು: "ಇಷ್ಟು ಘಾಟು ಬಂತು ಅಂದ್ರೆ ದೃಷ್ಟಿ ಅಲ್ಲ ಆಯಿ. ಅವ್ರು ತಿಂದದ್ದೇ ಜಾಸ್ತಿ ಆಗಿದೆ."

ಬಾವಿಕಟ್ಟೆಯ ಬಿಸಿಲು

ಗೆಳೆಯ ಫೋನಿನಲ್ಲೇ ಹಣೆ ಚಚ್ಚಿಕೊಂಡ. ಸಾಸಿವೆ ಸಿಡಿಸುವುದಲ್ಲ, ನುಣ್ಣಗೆ ಅರೆದು ಹಾಕುವುದು, ಎಣ್ಣೆಯನ್ನೂ ವಿನೆಗರನ್ನೂ ಕೂಡಿಸಿ ಹಿಡಿಯುವುದೇ ಆ ಸಾಸಿವೆ ಎಂದು ಬಿಡಿಸಿ ಹೇಳಿದ. ಸ್ಪೀಕರಿನಲ್ಲಿ ಕೇಳಿಸಿಕೊಂಡ ಹೆಂಡತಿ ಸಾಸಿವೆ ಅರೆದು ಬಾಟಲಿಗೆ ಹಾಕುವ ಕೆಲಸವನ್ನು ಅಂದಿನಿಂದ ತನ್ನ ಕೈಗೇ ತೆಗೆದುಕೊಂಡಳು.

ಎಣ್ಣೆ ಯಾವುದು ಎಂದು ನಾನು ಕೇಳಿರಲಿಲ್ಲ. ಮನೆಯಲ್ಲಿ ಎಣ್ಣೆ ಅಂದರೆ ತೆಂಗಿನೆಣ್ಣೆ. ಒಂದು ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿನಲ್ಲಿಟ್ಟೆ. ಭಾನುವಾರ ತೆಗೆದರೆ ಬಾಟಲಿಯೊಳಗೆ ಬಿಳೀ ಗಟ್ಟಿ, ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಬಿಡುವ ಪೈಕಿ ನಾನಲ್ಲ. ಕರಗಲಿ ಎಂದು ಬಾವಿಕಟ್ಟೆಯ ಮೇಲೆ ಬಿಸಿಲಿಗಿಟ್ಟೆ.

ಚಳಿಗಾಲದಲ್ಲಿ ಆಯಿ ತಲೆಗೆ ಹಚ್ಚುವ ಎಣ್ಣೆಬಾಟಲಿ ಬಿಸಿಲಿಗಿಡುವುದು ಅದೇ ಕಟ್ಟೆಯ ಮೇಲೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವಳು ನನ್ನ ಬಾಟಲಿಯ ಅರ್ಧವನ್ನು ತಲೆಗೆ ತಿಕ್ಕಿ, ಉಳಿದದ್ದರಲ್ಲಿ ಮೊಣಕಾಲನ್ನೂ ನೀವಿಕೊಂಡು ಕೂತಿದ್ದಳು. ಕಾಳುಮೆಣಸಿನ ಚೂರುಗಳು ಬಿಳಿಕೂದಲಲ್ಲಿ ಎದ್ದು ಕಾಣುತ್ತಿದ್ದವು. ಬೈಗಳಕ್ಕೆ ತಯಾರಾಗಿ, ಆಯಿ, ಅದು ತಿನ್ನುವುದು ಎಂದೆ.

ಆಯಿ ಕಣ್ಣು ಮುಚ್ಚಿಕೊಂಡೇ ತಲೆ ಕೆರೆದು ನೋಡಿಕೊಂಡಳು. "ಒಂದು ವರ್ಷದ ತುರಿಕೆ ನಿಂತೋಯ್ತು ತಮಾ. ನಿನ್ನ ಹುಳಿ ಎಣ್ಣೆ ಚಲೋ ಅದೆ. ನಾಳೆ ಮಾಡೂಕೆ ಹೋದ್ರೆ ಉಪ್ಪು ಮಾತ್ರ ಕಡಿಮೆ ಹಾಕು."

ಅಂಕೋಲೆಯಲ್ಲಿ

ಮರುದಿನದಿಂದ ಶೇಂಗಾ ಎಣ್ಣೆಗೆ ಬಂದೆ. ಆ ವಾರವೇ ಅಂಕೋಲೆಯಲ್ಲಿರುವ ಅತ್ತೆಮನೆಯಿಂದ ಊಟದ ಕರೆ ಬಂತು. ಒಂದು ಹೊತ್ತು ಬಿಟ್ಟರೆ ಏನಾಗ್ತದೆ ಎಂದು ಹೆಂಡತಿಯೇ ಹೇಳಿದಳು. ಸೂಜಿ ಚುಚ್ಚಿಸಿಕೊಳ್ಳುವವ ನಾನು, ನೀನಲ್ಲ ಎಂದು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ.

ಬಾಳೆಲೆಯ ಮೇಲೆ ಮೀನು, ಸಿಗಡಿಗಳದೇ ಸಾಲು: ಬಂಗಡೆ ಸಾರು, ಕಾಣೆ ಹುರಿದದ್ದು, ಸುಂಗಟೆ ಸುಕ್ಕ. ನಾನು ಎಲೆಯ ಒಂದು ಮೂಲೆಯಲ್ಲಿ ಸೌತೆಕಾಯಿ, ಮೂಲಂಗಿ, ಅಂಕೋಲೆಯ ಸಿಹಿ ಈರುಳ್ಳಿ ಹಸಿಯಾಗಿ ಹೆಚ್ಚಿ ಹಾಕಿಸಿಕೊಂಡು ಬಾಟಲಿ ಬಗ್ಗಿಸಿದೆ. ಅತ್ತೆಯ ಮುಖ ಸಣ್ಣದಾಯಿತು. ಅವರು ಎದ್ದು ಹೋಗಿ ಎದುರಿನ ಬಾಗಿಲು ಹಾಕಿ ಬಂದರು. ಊರವರು ನೋಡಿದರೆ ಅಳಿಯಂದಿರಿಗೆ ಹಸಿಸೊಪ್ಪು ಹಾಕಿ ಕಳಿಸಿದರು ಅಂತ ಆಡಿಕೊಳ್ಳುವುದಿಲ್ಲವೇ ಎಂದು ಮಗಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು.

ಬೇಸರವಾಯಿತು, ಆದರೂ ಎಲೆಯ ಆ ಮೂಲೆ ಖಾಲಿ ಮಾಡಿದೆ. ಹೊರಡುವಾಗ ನೋಡಿದರೆ ಬಾಟಲಿ ಬರಿದಾಗಿತ್ತು. ಉಳಿದ ಬಂಗಡೆಗೆ ಅತ್ತೆ ಆ ಹುಳಿ ಎಣ್ಣೆಯನ್ನು ಸವರಿ, ರವೆಯಲ್ಲಿ ಹೊರಳಿಸಿ ಹುರಿದು ಡಬ್ಬಿಗೆ ಹಾಕಿಕೊಟ್ಟಿದ್ದರು. ಮೆಟ್ಟಿಲಿಳಿಯುವಾಗ ಮೆತ್ತಗೆ ಹೇಳಿದರು: "ಮುಂದಿನ ಸಲ ಬರೋವಾಗ ಎರಡು ಬಾಟಲಿ ತನ್ನಿ. ಬಾಗಿಲು ತೆರೆದೇ ಇಡ್ತೇವೆ."

ಅಲ್ಲಾಡಿಸುವವರು

ಅಸಲು ಯುದ್ಧ ಇದ್ದದ್ದು ಎಣ್ಣೆ ಮತ್ತು ವಿನೆಗರಿನ ಜೊತೆ. ಅಲ್ಲಾಡಿಸಿ ಇಟ್ಟರೆ ಎರಡು ನಿಮಿಷಕ್ಕೆ ಎಣ್ಣೆ ಮೇಲೆ, ವಿನೆಗರ್ ಕೆಳಗೆ. ಬೇರೆ ಬೇರೆ ನಿಲ್ಲಬಾರದು ಎಂದು ಗೆಳೆಯ ಹೇಳಿದ್ದನಲ್ಲ. ಸಂಜೆ ಕಚೇರಿಯಿಂದ ಬಂದವನೇ ಅಲ್ಲಾಡಿಸತೊಡಗಿದೆ. ಆ ಗಳಗಳ ಸದ್ದಿಗೆ ಆಯಿಗೆ ಧಾರಾವಾಹಿ ಕೇಳಿಸಲಿಲ್ಲ, ಹೊರಗೆ ಹೋಗು ಎಂದಳು. ಅಂಗಳದಲ್ಲಿ ಪಕ್ಕದ ಮನೆಯ ನಾಯಿ ಬೊಗಳಿತು. ಸರಿ, ಶಿರವಾಡದ ಸ್ಟೇಷನ್ ರಸ್ತೆ ಹಿಡಿದೆ.

ದಿನಾ ಸಂಜೆ ಬಾಟಲಿ ಅಲ್ಲಾಡಿಸುತ್ತ ಹೋಗುವ ನನ್ನನ್ನು ಜನ ಮೊದಲು ಗುರಾಯಿಸಿದರು, ಆಮೇಲೆ ಯಾವ ವೈದ್ಯರ ಔಷಧ ಎಂದು ಕೇಳಿದರು. ಸಹೋದ್ಯೋಗಿಯೊಬ್ಬ ಸ್ಕೂಟರ್ ನಿಲ್ಲಿಸಿ ಹತ್ತು ಎಂದ. ಸ್ಕೂಟರಿನ ಮೇಲೆ ಎರಡೂ ಕೈಯಲ್ಲಿ ಅಲ್ಲಾಡಿಸಲು ಆಗುವುದಿಲ್ಲ ಎಂದೆ. ಅವನು ನನ್ನನ್ನು ಒಂದು ಥರ ನೋಡಿಕೊಂಡು ಹೋದ.

ಮೊದಮೊದಲು ರೈಲ್ವೆ ಸ್ಟೇಷನ್ ಮುಟ್ಟುವಷ್ಟರಲ್ಲಿ ಅದು ಗಟ್ಟಿಯಾಗಿ ಕೂಡಿಕೊಳ್ಳುತ್ತಿತ್ತು. ಮೂರನೇ ತಿಂಗಳಿಗೆ ಏನಾಯಿತೋ, ಎಷ್ಟು ಅಲ್ಲಾಡಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಅದಕ್ಕೆ ಹಟ ಇದ್ದರೆ ನನಗಿಲ್ಲವೇ? ಸ್ಟೇಷನ್ ದಾಟಿದೆ, ಆಚೆಯ ಗದ್ದೆ ದಾಟಿದೆ, ಬೆವರು ಸುರಿಸಿಕೊಂಡು ಒಂದೂವರೆ ತಾಸಿಗೆ ಮನೆಗೆ ಬರುತ್ತಿದ್ದೆ. ಹೆಂಡತಿ ಒಂದು ದಿನವೂ ತಡವಾಯಿತು ಎನ್ನಲಿಲ್ಲ, ಅದು ನನಗೆ ಹೊಳೆಯಬೇಕಿತ್ತು.

ಮೂರು ತಿಂಗಳು ತುಂಬಿದ ದಿನ ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಸಕ್ಕರೆ ಇಳಿದಿದೆ, ಸೂಜಿ ಬೇಡ ಎಂದರು. ನನಗೆ ಕಣ್ಣಲ್ಲಿ ನೀರೇ ಬಂತು. ಎಲ್ಲ ಹುಳಿ ಎಣ್ಣೆಯ ಮಹಿಮೆ ಡಾಕ್ಟರೇ ಎಂದು ಅಳತೆ ಸಮೇತ ವಿವರಿಸತೊಡಗಿದೆ. ಅವರು ಅದನ್ನು ಬಿಟ್ಟು, ನಡಿಗೆ ಎಷ್ಟು ಮಾಡಿದಿರಿ ಎಂದು ಕೇಳಿದರು. ನಡಿಗೆ ನಾನು ಮಾಡೇ ಇಲ್ಲ ಎಂದೆ.

ಆಗ ಪಕ್ಕದಲ್ಲಿ ಕೂತಿದ್ದ ಹೆಂಡತಿ ಬಾಯಿ ಬಿಟ್ಟಳು. "ದಿನಾ ನಡೆದಿದ್ದಾರೆ ಡಾಕ್ಟರೇ, ಈ ತಿಂಗಳಂತೂ ಒಂದೂವರೆ ತಾಸು. ಬಾಟಲಿ ಅಲ್ಲಾಡಿಸ್ತಾ."

ತಿನ್ನುವ ಮುಂಚೆ ಹತ್ತು ಸಲ ಅಲ್ಲಾಡಿಸಿದರೆ ಸಾಕು ಎಂದು ಅರ್ಗಾದ ಗೆಳೆಯ ಮೊದಲ ವಾರವೇ ಅವಳಿಗೆ ಹೇಳಿದ್ದನಂತೆ. ಇವರಿಗೆ ಮಾತ್ರ ಹೇಳಬೇಡಿ ಎಂದು ಅವಳು ಕೈಮುಗಿದಿದ್ದಳಂತೆ. ಹಾಗಾದರೆ ಈ ಒಂದು ತಿಂಗಳಿಂದ ಅದು ಯಾಕೆ ಕೂಡಿಕೊಳ್ಳಲೇ ಇಲ್ಲ ಎಂದು ಕೇಳಿದೆ.

ಅವಳು ಸೆರಗು ಸರಿಮಾಡಿಕೊಂಡು, ಡಾಕ್ಟರ ಕಡೆಗೇ ನೋಡುತ್ತ ಹೇಳಿದಳು: "ಸಾಸಿವೆ ಹಾಕೋದು ನಿಲ್ಲಿಸಿದ್ದೆ. ಬಣ್ಣಕ್ಕೆ ಚಿಟಿಕೆ ಅರಿಶಿನ ಹಾಕ್ತಿದ್ದೆ. ಸಾಸಿವೆ ಹಾಕಿದ್ರೆ ಬೇಗ ಕೂಡ್ಕೊಂಡು, ಇವ್ರು ಸ್ಟೇಷನ್ನಿಂದಲೇ ವಾಪಸ್ ಬಂದ್ಬಿಡ್ತಿದ್ರು."