ಹಸಿರು ಪೊಟ್ಟಣದ ಬೆನ್ನಿಗಂಟಿದ ಮೂವತ್ತು ವರ್ಷ

ಅಂದು ಬೋ-ರೆನ್ ಪಟ್ಟ ಪಾಡಿಗೆಲ್ಲ ಕಾರಣವಾದ ವಸ್ತು ಅವನ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದನ್ನು ಎಲ್ಲಿಡುವುದೆಂದು ಅವನು ಪೂರ್ತಿ ಹದಿನೈದು ನಿಮಿಷ ಯೋಚಿಸಿದ. ಯೋಚಿಸದೆ ಜೇಬಿಗೆ ಹಾಕಿಕೊಂಡಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಸಾನ್‌ಚೋಂಗ್ ಎಂಬ ಊರಿನಲ್ಲಿ ಮೆಮೊರಿ ಕಾರ್ಡು ತಯಾರಿಸುವ ಒಂದು ಕಂಪನಿ. ಐದು ಮಹಡಿ, ಮೂವತ್ತೆಂಟು ಯಂತ್ರ, ನಲವತ್ತು ಜನ. ಅದರ ನೆಲಮಾಳಿಗೆಯಲ್ಲಿ, ಕಿಟಕಿಯೇ ಇಲ್ಲದ ಕಡತದ ಕೋಣೆಯಲ್ಲಿ, ಬೋ-ರೆನ್ ಹನ್ನೊಂದು ವರ್ಷ ಕಳೆದಿದ್ದ. ಹೊರಗೆ ಮಳೆಯೋ ಬಿಸಿಲೋ ಎಂಬುದು ಅವನಿಗೆ ತಿಳಿಯುತ್ತಿದ್ದುದು ಮೆಟ್ಟಿಲಿಳಿದು ಬಂದವರ ಛತ್ರಿ ನೋಡಿ. ಅವನ ಸುತ್ತ ಇಪ್ಪತ್ತೈದು ಕಬ್ಬಿಣದ ಬೀರು. ಮೊದಲಿನವುಗಳ ತುಂಬ ಫ್ಲಾಪಿಗಳು, ಒಂದು ಒಳ್ಳೆಯ ಫೋಟೋ ಹಾಕಿದರೆ ಏದುಸಿರು ಬಿಡುವಂಥವು. ಆಮೇಲೆ ಐನೂರು ಫ್ಲಾಪಿಗಳನ್ನು ಒಂದೇ ಗುಟುಕಿಗೆ ನುಂಗುವ ಸಿ.ಡಿ.ಗಳು ಬಂದವು, ಅವಕ್ಕೆ ಬೇರೆ ಬೀರು. ಪೆನ್‌ಡ್ರೈವ್ ಬಂತು, ಇನ್ನೊಂದು ಬೀರು. ವಸ್ತು ಚಿಕ್ಕದಾದಷ್ಟೂ ಬೀರುಗಳು ಹೆಚ್ಚಿದವು. ಈ ಲೆಕ್ಕ ಯಾರಿಗೂ ಅರ್ಥವಾಗಿರಲಿಲ್ಲ.

ಸಾಲದ್ದಕ್ಕೆ ಪಕ್ಕದ ಗೋದಾಮಿನಲ್ಲಿ ಎರಡು ಜಿಬಿಯ ಆರುನೂರು ಕಾರ್ಡುಗಳು ಕೊಳೆಯುತ್ತಿದ್ದವು. 2007ರಲ್ಲಿ ಮಾಡಿಸಿದ್ದು. ಡಬ್ಬಿಯ ಅಂಟು ಒಣಗುವ ಮೊದಲೇ ಪಕ್ಕದ ಬೀದಿಯವರು ನಾಲ್ಕು ಜಿಬಿಯದನ್ನು ಮಾರುಕಟ್ಟೆಗೆ ಬಿಟ್ಟಿದ್ದರು. ಅಂಗಡಿಯಲ್ಲಿ ಯಾರೂ ಕದಿಯಬಾರದೆಂದು ಒಂದೊಂದಕ್ಕೂ ಅಂಗೈಯಗಲದ ಪ್ಲಾಸ್ಟಿಕ್ ಡಬ್ಬಿ ಬೇರೆ. ಕದಿಯುವುದಿರಲಿ, ಬಿಟ್ಟಿ ಕೊಟ್ಟರೂ ಯಾರೂ ಒಯ್ಯಲಿಲ್ಲ.

ಮೂರು ತಿಂಗಳ ಹಿಂದೆ ಯಜಮಾನ ಫಾಂಗ್ ಅವರು ಬೋ-ರೆನ್‌ನನ್ನು ಐದನೇ ಮಹಡಿಗೆ ಕರೆಸಿದ್ದರು. "ಮೂವತ್ತು ವರ್ಷದ ಕಡತ ಎಲ್ಲಾ ನಮ್ಮ ಹೊಸ ಒಂದು ಟಿಬಿ ಕಾರ್ಡ್‌ಗೆ ಹಾಕಿ ಕೊಡು. ಮೂರು ತಿಂಗಳಾದ್ಮೇಲೆ ಹದಿನಾರನೇ ತಾರೀಖು ಸಂಜೆ ಐದಕ್ಕೆ ನನ್ನ ಕೈಯಲ್ಲಿರ್ಬೇಕು. ಕೊಟ್ಟ ದಿನ ಅಗೋ ಆ ಮೇಜು ನಿಂದು" ಎಂದು ಕಿಟಕಿಯ ಕಡೆ ಬೆರಳು ತೋರಿಸಿದ್ದರು.

ಆ ಕಿಟಕಿಯಿಂದ ನದಿ ಕಾಣುತ್ತಿತ್ತು. ಅಂದಿನಿಂದ ಊಟ ಮಾಡುವಾಗ, ಸ್ಕೂಟರಿನಲ್ಲಿ ಬರುವಾಗ, ಹಲ್ಲುಜ್ಜುವಾಗ ಅವನ ಕಣ್ಣ ಮುಂದೆ ಒಂದೇ ಚಿತ್ರ: ಮೇಜು, ಚಹಾ, ನದಿ.

ಆ ಆತುರದಲ್ಲೇ ಅವನು ಹದಿನಾರರ ಬೆಳಿಗ್ಗೆ ಗುಜರಿ ಲಾರಿ ಕರೆಸಿ ಇಪ್ಪತ್ತೈದು ಬೀರುಗಳನ್ನೂ ಸಾಮಾನು ಸಮೇತ ಸಾಗಿಸಿಬಿಟ್ಟ. ಈಗ ಮೂವತ್ತು ವರ್ಷದ ಕಂಪನಿ ಇದ್ದದ್ದು ಅವನ ಬೆರಳ ತುದಿಯ ಆ ಒಂದು ಕಾರ್ಡಿನಲ್ಲಿ ಮಾತ್ರ. ಯಜಮಾನರು ಬರುವುದು ಸಂಜೆಗೆ. ಸೀನಿದರೆ ಹಾರಿಹೋಗುವಂತಿತ್ತು. ಜೇಬಿನಲ್ಲಿ ತೂತಿರಬಹುದು. ಮೇಜಿನ ಮೇಲಿಟ್ಟರೆ ಗುಡಿಸಿಬಿಟ್ಟಾರು. ಇಡೀ ಕಟ್ಟಡದಲ್ಲಿ ಯಾರೂ, ಯಾವತ್ತೂ ಮುಟ್ಟದ ಜಾಗ ಯಾವುದು?

ಉತ್ತರ ಕಣ್ಣೆದುರೇ ಇತ್ತು. ಕಂಪ್ಯೂಟರಿನ ನೆತ್ತಿಯ ಮೇಲಿನ ಹಸಿರು ಪೊಟ್ಟಣ.

ಮೆಕ್ಕೆಜೋಳದ ಹಿಟ್ಟಿನ ಕುರುಕಲು ಪುರಿಯ ಆ ಪೊಟ್ಟಣದ ಹೆಸರಿನ ಅರ್ಥವೇ 'ಜಾಣನಾಗಿರು' ಎಂದು. ಅದನ್ನು ತಲೆಯ ಮೇಲಿಟ್ಟುಕೊಂಡ ಯಂತ್ರ ಹಟ ಮಾಡುವುದಿಲ್ಲವೆಂಬ ನಂಬಿಕೆಯಿಂದ ಮೂವತ್ತೆಂಟು ಯಂತ್ರಗಳ ಮೇಲೂ ಒಂದೊಂದು ಇತ್ತು. ಬಣ್ಣ ಹಸಿರೇ ಆಗಿರಬೇಕು, ಕೆಂಪು ದೀಪ ಹತ್ತಿದರೆ ಯಂತ್ರ ಕೆಟ್ಟಂತಲ್ಲವೇ? ಅದನ್ನು ತಿನ್ನುವುದಿರಲಿ, ಸರಿಸಿದರೂ ಎಂಜಿನಿಯರುಗಳು ಕೊಲೆಯಾದಂತೆ ಕಿರುಚುತ್ತಿದ್ದರು. ಬೋ-ರೆನ್ ಕಾರ್ಡನ್ನು ಪೊಟ್ಟಣದ ಬೆನ್ನಿಗೆ ಟೇಪಿನಿಂದ ಅಂಟಿಸಿದ. ಪೊಟ್ಟಣಕ್ಕೆ ಕೈಮುಗಿದ. ನೆಮ್ಮದಿಯಾಗಿ ಊಟಕ್ಕೆ ಹೋಗಿ, ಖುಷಿಗೆ ಎರಡು ಬಟ್ಟಲು ನೂಡಲ್ಸ್ ತಿಂದ.

ವಾಪಸ್ಸು ಬಂದಾಗ ಪೊಟ್ಟಣ ಅಲ್ಲೇ ಇತ್ತು. ತಿರುಗಿಸಿದ. ಬೆನ್ನು ಬೋಳಾಗಿತ್ತು.

"ಅ-ತಾವ್ ಅತ್ತೇ!" ಅವನ ಕೂಗಿಗೆ ಗುಡಿಸುವ ಅ-ತಾವ್ ಅತ್ತೆ ಪೊರಕೆ ಸಮೇತ ಬಂದಳು.

"ಯಾಕೋ ಹಂಗ್ ಅರಚ್ತೀಯ? ಹೊಸಾ ಪೊಟ್ಟಣ ಇಟ್ಟಿದೀನಿ. ಹಳೇದ್ರ ಅವಧಿ ಇವತ್ತಿಗೆ ಮುಗೀತಿತ್ತು. ಅವಧಿ ಮುಗಿದ್ ಪೊಟ್ಟಣ ಇದ್ರೆ ಮಿಷಿನ್ನು ಮುನಿಸ್ಕೊಳ್ಳತ್ತೆ, ಗೊತ್ತಿಲ್ವಾ ನಿಂಗೆ?"

"ಹಳೇದೆಲ್ಲಿ?"

"ಮೂವತ್ತೆಂಟೂ ಪೂಜೆ ಮೇಜಿನ್ ಮೇಲಿದೆ. ಇವತ್ತು ಹದಿನಾರಲ್ವಾ, ನೆಲದಜ್ಜನ ಪೂಜೆ? ಇವತ್ತು ಇಟ್ರೆ ನೈವೇದ್ಯ, ನಾಳೆ ಇಟ್ರೆ ಅಪಚಾರ. ನಾನು ದಡ್ಡಿನಾ?"

ಬೋ-ರೆನ್ ಮೆಟ್ಟಿಲುಗಳನ್ನು ಮೂರು ಮೂರಾಗಿ ಹಾರಿದ. ಬಾಗಿಲ ಮುಂದಿನ ಮಡಚು ಮೇಜಿನ ಮೇಲೆ ಕಿತ್ತಳೆ, ಬಿಸ್ಕತ್ತು, ನಡುವೆ ಹಸಿರು ಪೊಟ್ಟಣಗಳ ಗುಡ್ಡ, ಮುಂದೆ ಊದುಬತ್ತಿ. ಅವನು ಮೊದಲ ಪೊಟ್ಟಣ ಎತ್ತಿದ್ದೇ ತಡ, ಪೊರಕೆಯ ಹಿಡಿ ಕೈಮೇಲೆ ಬಿತ್ತು.

"ಲೋ! ಊದುಬತ್ತಿ ಆರೋವರ್ಗೂ ನೆಲದಜ್ಜ ಊಟಕ್ಕೆ ಕೂತಿರ್ತಾನೆ. ನಿನ್ ತಟ್ಟೆಗೆ ಯಾರಾದ್ರೂ ಕೈ ಹಾಕಿದ್ರೆ ಸುಮ್ನಿರ್ತೀಯಾ?"

"ಅತ್ತೆ, ತಿನ್ನಲ್ಲ, ಬರೀ ತಿರುಗ್ಸಿ ನೋಡ್ತೀನಿ..."

"ದೇವ್ರ ಎಲೆ ತಿರುಗ್ಸಿ ನೋಡ್ತಾನಂತೆ!"

ಕಾವಲಿನ ದೂ ಮಾವ ಕುರ್ಚಿಯಲ್ಲೇ ಕೂತು ನಕ್ಕ. "ಬಿಡಮ್ಮ, ಹುಡ್ಗಂಗೆ ಹಸಿವು ತಡೀಲಿಲ್ಲ."

ಬೋ-ರೆನ್ ಕಾದ. ಊದುಬತ್ತಿಗೆ ಅವಸರವಿರಲಿಲ್ಲ. ಅತ್ತೆ ಅತ್ತ ತಿರುಗಿದಾಗ ಬೇಗ ಉರಿಯಲೆಂದು ಉಫ್ ಎಂದು ಊದಿದ. ಬೂದಿ ಹಾರಿ ಅವನ ಕಣ್ಣಿಗೇ ಬಿತ್ತು. ಅವನು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಬತ್ತಿ ಆರಿತು, ಎಲ್ಲ ಮಹಡಿಗಳಿಂದ ಜನ ಪ್ರಸಾದಕ್ಕೆ ಇಳಿದರು, ಮತ್ತೆ ಕಣ್ಣು ತೆರೆದಾಗ ಮೇಜಿನ ಮೇಲೆ ಒಂದು ಕಿತ್ತಳೆ ಉಳಿದಿತ್ತು.

ಆಮೇಲೆ ಶುರುವಾಯಿತು ಓಟ. ಮಹಡಿಯಿಂದ ಮಹಡಿಗೆ ಹೋಗಿ ತಿನ್ನುವವರ ಕೈಯಿಂದಲೇ ಪೊಟ್ಟಣ ಕಿತ್ತು, ಬೆನ್ನು ನೋಡಿ, ವಾಪಸ್ಸು ಕೊಟ್ಟು, "ಕ್ಷಮಿಸಿ, ಇದಲ್ಲ" ಎಂದು ಮುಂದೆ ಓಡಿದ. ಐದನೇ ಮಹಡಿಯಲ್ಲಿ ಲೆಕ್ಕಪತ್ರದ ಯಾ-ಚುನ್ ಅವನ ರಟ್ಟೆ ಹಿಡಿದು ನಿಲ್ಲಿಸಿದಳು. ವಿಷಯ ಕೇಳಿ ಅವಳ ಬಾಯಲ್ಲಿದ್ದ ಪುರಿ ಅಲ್ಲೇ ನಿಂತಿತು.

"ಮೂವತ್ ವರ್ಷದ್ದೂ ಅದ್ರಲ್ಲೇ? ಇನ್ನೊಂದು ಪ್ರತಿ?"

"ನಾಳೆ ಮಾಡೋಣ ಅಂತಿದ್ದೆ."

"ಬೀರು?"

"ಬೆಳಿಗ್ಗೆ ಗುಜರಿಗೆ ಕೊಟ್ಟೆ."

"ನಿನ್ ತಲೆ ಮೇಲೆ ಹಸಿರು ಪೊಟ್ಟಣ ಇಡ್ಬೇಕಿತ್ತು ಕಣೋ" ಎಂದಳು ಯಾ-ಚುನ್. ಆದರೂ ಒಳ್ಳೆಯವಳು. ಎಲ್ಲರ ಫೋನಿಗೂ ಒಂದು ಸಂದೇಶ ಕಳಿಸಿದಳು: 'ಹಳೇ ಹಸಿರು ಪೊಟ್ಟಣ ಬೋ-ರೆನ್‌ಗೆ ತುರ್ತಾಗಿ ಬೇಕು.' ಯಾಕೆಂದು ಬರೆದರೆ ಯಜಮಾನರಿಗೆ ಗೊತ್ತಾಗುತ್ತದೆಂದು ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಜನ ಅಯ್ಯೋ ಪಾಪ ಎನ್ನುತ್ತ ಕಾಗದದಲ್ಲಿ, ಲೋಟದಲ್ಲಿ, ಅಂಗೈಯಲ್ಲಿ ಅವನಿಗೆ ಪುರಿ ತಂದು ಸುರಿದರು. ಖಾಲಿ ಪೊಟ್ಟಣ ಕೇಳಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂತೂ ಮೂವತ್ತೇಳು ಸಿಕ್ಕವು. ಒಂದರ ಬೆನ್ನಲ್ಲೂ ಕಾರ್ಡಿಲ್ಲ. ಉಳಿದದ್ದು ದೂ ಮಾವನದು. ಆಗ ನಾಲ್ಕೂಕಾಲು.

"ತಿಂದ್ ಮುಗೀತಲ್ಲಪ್ಪ" ಎಂದ ದೂ ಮಾವ. "ಮಧ್ಯ ಒಂದು ಕಟುಂ ಅಂತು. ಜೋಳದ ಸಿಪ್ಪೆ ಅಂದ್ಕೊಂಡು ನುಂಗ್ದೆ."

ಯಾ-ಚುನ್ ತಲೆಯ ಮೇಲೆ ಕೈಯಿಟ್ಟುಕೊಂಡಳು. ಸುದ್ದಿ ಕೇಳಿದ ದೂ ಮಾವ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಬಸುರಿಯಂತೆ ಮೆಲ್ಲನೆ ಕೂತ. "ಇಡೀ ಕಂಪನಿ ನನ್ ಹೊಟ್ಟೇಲಿದ್ಯಾ? ಅಯ್ಯೋ, ಯಜಮಾನ್ರ ಮದ್ವೆ ಫೋಟೋನೂವಾ?"

"ಪರಂಗಿ ಹಣ್ಣು ತಿನ್ಸಿ" ಎಂದರು ಒಬ್ಬರು.

"ಬೇಡ, ಗೆಣಸು. ನಾಳೆ ಬೆಳಿಗ್ಗೆಗೆ ಗ್ಯಾರಂಟಿ" ಎಂದಳು ಅ-ತಾವ್ ಅತ್ತೆ.

"ನಾಳೆ ಬೆಳಿಗ್ಗೆ ಅಲ್ಲ ಅತ್ತೆ, ಇವತ್ತು ಐದಕ್ಕೆ!" ಬೋ-ರೆನ್ ಅಳುವುದೊಂದು ಬಾಕಿ. ಅಷ್ಟರಲ್ಲಿ ಅವನಿಗೆ ಹೊಳೆಯಿತು. "ತಡೀರಿ! ನಾನು ಅಂಟ್ಸಿದ್ದು ಹೊರಗಡೆ! ಮಾವ ತಿಂದಿದ್ದು ಒಳಗಿಂದು! ಮಾವ, ಖಾಲಿ ಪೊಟ್ಟಣ ಎಲ್ಲಿ?"

"ಪ್ಲಾಸ್ಟಿಕ್ ಕಸದ ಚೀಲದಲ್ಲಿ."

"ಚೀಲ ಎಲ್ಲಿ?"

ಬೀದಿಯ ತಿರುವಿನಿಂದ ಉತ್ತರ ಬಂತು. ಕಸದ ಲಾರಿಯ ಹಾಡು, ದೂರವಾಗುತ್ತ. "ಈಗ್ ತಾನೇ ಎಸ್ದು ಬಂದೆ" ಎಂದಳು ಅ-ತಾವ್ ಅತ್ತೆ, ಮೊದಲ ಸಲ ದನಿ ತಗ್ಗಿಸಿ.

ಬೋ-ರೆನ್ ಓಡಿದ. ಹಿಂದೆ ಯಾ-ಚುನ್, ಅವಳ ಹಿಂದೆ ಪೊರಕೆ ಹಿಡಿದ ಅತ್ತೆ, ಅವಳ ಹಿಂದೆ ಹೊಟ್ಟೆ ಹಿಡಿದ ದೂ ಮಾವ. ಬೀದಿಯವರು ಇವರೂ ಕಸ ಹಾಕಲು ತಡವಾದವರೆಂದು ತಿಳಿದು "ಓಡಿ, ಓಡಿ, ಸಿಗತ್ತೆ!" ಎಂದು ಹುರಿದುಂಬಿಸಿದರು. ಸೇತುವೆ ಬಳಿಯ ಸಿಗ್ನಲ್ಲು ಕೆಂಪಾಗದಿದ್ದರೆ ಸಿಗುತ್ತಿರಲಿಲ್ಲ. ಜನ್ಮದಲ್ಲಿ ಮೊದಲ ಬಾರಿಗೆ ಬೋ-ರೆನ್ ಕೆಂಪು ದೀಪಕ್ಕೆ ಕೈಮುಗಿದ.

"ಕೊಟ್ ಕಸ ವಾಪಸ್ ಕೇಳೋರ್ನ ಇವತ್ತೇ ನೋಡಿದ್ದು" ಎಂದು ಲಾರಿಯವನು ಚೀಲ ಎಸೆದ. ರಸ್ತೆ ಬದಿಯಲ್ಲಿ ಮೊಸರಿನ ಡಬ್ಬಿ, ಚಹಾ ಲೋಟಗಳ ನಡುವೆ ನಾಲ್ವರೂ ಕುಕ್ಕರುಗಾಲಲ್ಲಿ ಕೂತು ಹುಡುಕಿದರು. ಕೊನೆಗೆ ಮುದುಡಿದ ಹಸಿರು ಪೊಟ್ಟಣ, ಅದರ ಬೆನ್ನಲ್ಲಿ ಟೇಪು, ಟೇಪಿನಡಿ ಕಾರ್ಡು, ಒಂದು ಗೀರೂ ಇಲ್ಲದೆ. ಅತ್ತೆ ಅವನ ಬೆನ್ನಿಗೆ ಗುದ್ದಿ ಅತ್ತಳು. ದೂ ಮಾವ ಕೂಡ ಕಣ್ಣೊರೆಸಿಕೊಂಡ. ಹಾಗಾದರೆ ಆ ಕಟುಂ ಏನು ಎಂದು ನಾಲಿಗೆಯಿಂದ ತಡವಿ ನೋಡಿದಾಗ ಅವನಿಗೆ ಒಂದು ಹಲ್ಲು ಕಡಿಮೆಯಿತ್ತು.

ಐದಕ್ಕೆ ಎರಡು ನಿಮಿಷವಿರುವಾಗ ಬೋ-ರೆನ್ ಐದನೇ ಮಹಡಿ ತಲುಪಿದ. ಮೈಯೆಲ್ಲ ಚಹಾದ ವಾಸನೆ. ಕಿಟಕಿಯಾಚೆ ನದಿ ಚಿನ್ನದಂತೆ ಹೊಳೆಯುತ್ತಿತ್ತು. ಅವನು ಎರಡೂ ಕೈಯಲ್ಲಿ ಕಾರ್ಡು ಒಪ್ಪಿಸಿದ.

"ಭೇಷ್!" ಎಂದರು ಫಾಂಗ್. ಅವರ ಮೇಜಿನ ಮೇಲೆ 2004ರ ಕಂಪ್ಯೂಟರು, ಅದರ ಮೇಲೆ ಹೊಚ್ಚಹೊಸ ಹಸಿರು ಪೊಟ್ಟಣ. ಕಾರ್ಡು ತೂರಿಸಿದರು. ಕಂಪ್ಯೂಟರು ಗುರ್ರೆಂದಿತು, ಯೋಚಿಸಿತು, 'ಕಾರ್ಡು ಇಲ್ಲ' ಎಂದಿತು. ಮತ್ತೆ ತೂರಿಸಿದರು. ಮತ್ತೆ ಇಲ್ಲವೆಂದಿತು. ಲೋಕಕ್ಕೆಲ್ಲ ಒಂದು ಟಿಬಿ ಮಾರುವವರ ಕೋಣೆಯಲ್ಲಿ, ದೀಪದ ಬುಡದಲ್ಲಿ ಕತ್ತಲೆ ಎಂಬಂತೆ, ಎರಡು ಜಿಬಿ ದಾಟಿದ್ದನ್ನು ಕಣ್ಣೆತ್ತಿಯೂ ನೋಡದ ಯಂತ್ರ.

"ಯಜಮಾನ್ರೇ, ಬೇರೆ ಕಂಪ್ಯೂಟರ್‌ನಲ್ಲಿ..."

"ಬೇರೇದಾ?" ಫಾಂಗ್ ಪೊಟ್ಟಣವನ್ನು ಪ್ರೀತಿಯಿಂದ ತಟ್ಟಿದರು. "ಇಪ್ಪತ್ ವರ್ಷದಲ್ಲಿ ಒಂದಿನಾನೂ ಕೈ ಕೊಟ್ಟಿಲ್ಲ ಇದು. ಇದನ್ನ ಬದಲಾಯ್ಸಿದ್ರೆ ಕಂಪನಿ ಮುಳುಗತ್ತೆ." ಆಮೇಲೆ ಮುಖವರಳಿಸಿದರು. "ಬೋ-ರೆನ್! ಗೋದಾಮಲ್ಲಿ ಎರಡು ಜಿಬಿ ಕಾರ್ಡು ಬಿದ್ದಿವೆಯಲ್ಲ, ಆರುನೂರು? ಐನೂರು ಸಾಕು. ಎಲ್ಲಾ ಅದಕ್ಕೆ ಹಾಕ್ಬಿಡು. ಡಬ್ಬಿ ಬಿಚ್ಚಿದ್ಮೇಲೆ ಅದ್ರಲ್ಲೇ ಇಟ್ಟು ಮೇಲೆ ಹೆಸ್ರು ಬರಿ. ನಾನು ಆಗ್ಲೇ ಹೇಳಿರ್ಲಿಲ್ವಾ, ಆ ಮಾಲು ಒಂದಿನ ಉಪಯೋಗಕ್ ಬರತ್ತೆ ಅಂತ!"

ಬೋ-ರೆನ್ ಕಿಟಕಿಯ ಕಡೆ ನೋಡಿದ. "ಹಾಗಾದ್ರೆ... ಆ ಮೇಜು?"

"ಕೊಟ್ಟ ಮಾತಿಗೆ ತಪ್ಪೋನಲ್ಲ ನಾನು. ಇವತ್ತಿಂದ್ಲೇ ನಿಂದು."

ಮಾತಿಗೆ ತಪ್ಪಲಿಲ್ಲ ಕೂಡ. ಮಾರನೇ ದಿನವೇ ಬೋ-ರೆನ್ ಐದನೇ ಮಹಡಿಯಲ್ಲಿ ಕೂತ. ಮೂರು ತಿಂಗಳಲ್ಲಿ ಐನೂರು ಡಬ್ಬಿಗಳು ತಯಾರಾದವು. ಬೇಕಾದಾಗ ಯಜಮಾನರ ಕೈಗೆ ಸಿಗಬೇಕಲ್ಲ, ಅವಕ್ಕೆ ಮೂರು ಹೊಸ ಕಬ್ಬಿಣದ ಬೀರುಗಳನ್ನು ಮೇಲಕ್ಕೇ ತರಿಸಿದರು. ಒಂದು ಗೋಡೆಗೆ ಬಾಗಿಲು, ಒಂದು ಗೋಡೆಗೆ ದೇವರು, ಒಂದು ಗೋಡೆಗೆ ಆ ಕಂಪ್ಯೂಟರು. ಬೀರುಗಳಿಗೆ ಉಳಿದದ್ದು ಕಿಟಕಿಯ ಗೋಡೆ. ಅಳತೆ ಹಿಡಿದು ಮಾಡಿಸಿದಂತೆ ಮೂರೂ ಅಲ್ಲಿ ಕೂತವು, ಬೆಳಕಿನ ಒಂದು ಗೆರೆಯೂ ಒಳಗೆ ಬಾರದ ಹಾಗೆ.

ಅ-ತಾವ್ ಅತ್ತೆ ನಡುವಿನ ಬೀರುವಿನ ಮೇಲೆ ಒಂದು ಹಸಿರು ಪೊಟ್ಟಣ ಇಟ್ಟು, ತಾರೀಖು ತೋರಿಸಿ, "ಇನ್ನೊಂದ್ ವರ್ಷ ಇದನ್ನ ಯಾರೂ ಅಲ್ಲಾಡ್ಸಂಗಿಲ್ಲ" ಎಂದು ಹೋದಳು. ಬೋ-ರೆನ್ ದೀಪ ಹಾಕಿಕೊಂಡು ಚಹಾ ಕುಡಿದ. ಸಂಜೆ ಐದಕ್ಕೆ ಈ ಮಹಡಿಯಿಂದ ನದಿ ಈಗಲೂ ಬಹಳ ಚೆನ್ನಾಗಿ ಕಾಣುತ್ತದಂತೆ. ಹಾಗೆಂದು ಪಕ್ಕದ ಕೋಣೆಯಿಂದ ಯಾ-ಚುನ್ ದಿನಾ ಬಂದು ಹೇಳುತ್ತಾಳೆ.